ಜೋಡಿಸಲು ಸುಲಭವಾದ ನಲ್ಲಿ ಅಂದರೆ ಯಾರಿಗೆ ಸುಲಭ?

ಗೋಡೆಯೊಳಗೆ ಅರ್ಧ ಇಂಚಿನ ಸಾಕೆಟ್ ಇದೆ. ಟೆಫ್ಲಾನ್ ಟೇಪ್ ಸುತ್ತಿದ ನಲ್ಲಿಯನ್ನು ಪ್ಲಂಬರ್ ಅದಕ್ಕೆ ತಿರುಗಿಸುತ್ತಾ ಹೋಗುತ್ತಾನೆ. ಮೊದಲ ಒಂದೆರಡು ಸುತ್ತು ಬೆರಳಲ್ಲೇ ಆಗುತ್ತದೆ, ಆಮೇಲೆ ಪಾನಾ ಬೇಕು. ಬಿಗಿಯಾಯಿತು ಅನ್ನುವ ಹೊತ್ತಿಗೆ ನಲ್ಲಿಯ ಮೂತಿ ಗಡಿಯಾರದ ನಾಲ್ಕು ಗಂಟೆಯ ಕಡೆಗೆ ನಿಂತಿರುತ್ತದೆ. ಬೇಕಾದದ್ದು ಆರು ಗಂಟೆಗೆ. ಇನ್ನೂ 60 ಡಿಗ್ರಿ ಬಲವಾಗಿ ಎಳೆದರೆ ಒಳಗಿನ ಸಾಕೆಟ್ ಬಿರಿಯಬಹುದು. ಹಿಂದಕ್ಕೆ ತಿರುಗಿಸಿ ಸರಿಮಾಡಿದರೆ ಖಂಡಿತ ಸೋರುತ್ತದೆ. ಉಳಿದದ್ದು ಮೂರನೆಯ ದಾರಿ: ಪೂರ್ತಿ ಬಿಚ್ಚಿ, ಟೇಪ್ ಕಿತ್ತು, ಈ ಸಲ ನಾಲ್ಕು ಸುತ್ತು ಹೆಚ್ಚು ಸುತ್ತಿ, ಹಿಂದಿನ ಸುತ್ತಿನ ಆರು ಗಂಟೆಯಲ್ಲೇ ಬಿಗಿಯಾಗುವಂತೆ ನೋಡಿಕೊಳ್ಳುವುದು. ಸ್ನಾನದ ಮನೆಯೊಂದರಲ್ಲಿ ಇಂಥವು ಐದಾರು ಇರುತ್ತವೆ.

ಇದನ್ನು ಪ್ಲಂಬರ್‌ನ ಕೈಗುಣ ಅಂತ ಬಿಟ್ಟುಬಿಡುವುದು ಸುಲಭ. ಆದರೆ ತಪ್ಪು ಡ್ರಾಯಿಂಗ್‌ನಲ್ಲಿದೆ. ಅಲ್ಲಿ ಒಂದೇ ಥ್ರೆಡ್‌ಗೆ ಮೂರು ಕೆಲಸ ಹಚ್ಚಲಾಗಿದೆ: ನಲ್ಲಿಯನ್ನು ಗೋಡೆಗೆ ಹಿಡಿದಿಡಬೇಕು, ನೀರು ತಡೆಯಬೇಕು, ಮೂತಿ ಕೆಳಮುಖವಾಗಿ ನಿಲ್ಲುವಂತೆಯೂ ನೋಡಿಕೊಳ್ಳಬೇಕು. ಮೊದಲೆರಡು ಕೆಲಸಕ್ಕೆ ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದು. ಮೂರನೆಯದಕ್ಕೆ ಒಂದೇ ಒಂದು ಜಾಗ ಮಾತ್ರ ಸರಿ. ಅರ್ಧ ಇಂಚಿನ ಬಿಎಸ್‌ಪಿ (ಪೈಪುಗಳ ಬ್ರಿಟಿಷ್ ಮಾನಕದ) ಥ್ರೆಡ್‌ನಲ್ಲಿ ಇಂಚಿಗೆ 14 ಎಳೆ, ಅಂದರೆ ಒಂದು ಸುತ್ತಿಗೆ 1.814 ಮಿ.ಮೀ. ಒಳಗೆ ಹೋಗುತ್ತದೆ. ಅದು ಇಳಿಜಾರಿನ ಥ್ರೆಡ್ ಆಗಿದ್ದರೆ ಇಳಿಜಾರು 1:16. ಹಾಗಾಗಿ ಬಿಗಿಯಾದ ಮೇಲೆ ಮತ್ತೊಂದು ಪೂರ್ತಿ ಸುತ್ತು ಹಾಕಿದರೆ ಸಾಕೆಟ್‌ನ ಬಾಯಿ ಸುಮಾರು 0.11 ಮಿ.ಮೀ. ಅಗಲವಾಗಲೇಬೇಕು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಫಿಟಿಂಗ್ ಇದನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಹಿತ್ತಾಳೆ ಒಳಪದರವಿಲ್ಲದ ಸಿಪಿವಿಸಿ ಪ್ಲಾಸ್ಟಿಕ್ ಸಾಕೆಟ್ ತಾಳುವುದಿಲ್ಲ. ಅದೂ ಆ ದಿನವೇ ಬಿರಿಯುವುದಿಲ್ಲ. ಟೈಲ್ಸ್ ಎಲ್ಲ ಹಾಕಿ ಮುಗಿದ ಮೇಲೆ, ತಿಂಗಳುಗಳಾದ ನಂತರ, ಪಕ್ಕದ ಕೋಣೆಯ ಗೋಡೆಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ.

ನಲ್ಲಿ ಜೋಡಣೆ ಅನ್ನುವುದು ಒಂದೇ ಸಲ ಆಗುವ ಕೆಲಸವಲ್ಲ. ಮೊದಲು ಕಾರ್ಖಾನೆಯ ಬೆಂಚಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಜಿಗ್ (ಭಾಗಗಳನ್ನು ಹಿಡಿದಿಡುವ ಚೌಕಟ್ಟು) ಇಟ್ಟುಕೊಂಡು. ಎರಡನೆಯದು ಮನೆಯಲ್ಲಿ, ಬೇಸಿನ್ ಕೆಳಗೆ ಅಂಗಾತ ಮಲಗಿ, ಒಂದೇ ಕೈಯಲ್ಲಿ. ಮೂರನೆಯದು ಏಳೆಂಟು ವರ್ಷ ಬಿಟ್ಟು, ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿದ ಮೇಲೆ, ಬೇರೆ ಯಾರದೋ ಕೈಯಲ್ಲಿ. ‘ಸುಲಭ ಜೋಡಣೆ’ ಅಂತ ಮಾತಾಡುವವರು ಹೆಚ್ಚಾಗಿ ಮೊದಲನೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಏಕೆಂದರೆ ಸಂಬಳ ಕೊಡುವುದು ಅಲ್ಲಿ. ನನ್ನ ಮಟ್ಟಿಗೆ ಡಿಸೈನ್ ಗೆಲ್ಲುವುದೋ ಸೋಲುವುದೋ ಎರಡನೆಯ ಮತ್ತು ಮೂರನೆಯ ಕೈಯಲ್ಲಿ. ಬೆಂಚಿನ ಮೇಲೆ ಹತ್ತು ಸೆಕೆಂಡ್ ಹೆಚ್ಚು ಹಿಡಿದರೂ ಪರವಾಗಿಲ್ಲ, ಬೇಸಿನ್ ಕೆಳಗೆ ಹತ್ತು ನಿಮಿಷ ಉಳಿಯಬೇಕು.

ಬಿಸಿನೀರು ತಣ್ಣೀರು ಬೆರೆಸುವ ಗೋಡೆ ಮಿಕ್ಸರ್ ಈ ಮೂತಿ ಸಮಸ್ಯೆಯನ್ನು ಎಂದೋ ಬಿಡಿಸಿಕೊಂಡಿದೆ. ಬಿಸಿನೀರು, ತಣ್ಣೀರಿನ ಎರಡು ಪೈಪುಗಳ ನಡುವೆ ಇರಬೇಕಾದ ಅಂತರ 150 ಮಿ.ಮೀ. ಗೋಡೆ ಕೊರೆದು ಪೈಪ್ ಕೂರಿಸುವಾಗ ಅಷ್ಟು ಕರಾರುವಾಕ್ಕಾಗಿ ಬರುವುದು ಅಪರೂಪ. ಅದಕ್ಕೇ ಮಿಕ್ಸರ್ ಜೊತೆ ಎರಡು ವಕ್ರ ಕಾಲುಗಳು ಬರುತ್ತವೆ: ಗೋಡೆ ಕಡೆಗೆ ಅರ್ಧ ಇಂಚು, ಮಿಕ್ಸರ್ ಕಡೆಗೆ ಮುಕ್ಕಾಲು ಇಂಚು, ಎರಡು ತುದಿಗಳ ಮಧ್ಯಬಿಂದು ಒಂದಕ್ಕೊಂದು ಸರಿದಿರುತ್ತದೆ. ಒಂದೊಂದು ಕಾಲಿಗೆ 10 ಮಿ.ಮೀ. ಸರಿತ ಇದ್ದರೆ, ಎರಡನ್ನೂ ತಿರುಗಿಸಿ 130ರಿಂದ 170 ಮಿ.ಮೀ. ತನಕದ ಯಾವ ಅಂತರಕ್ಕಾದರೂ ಹೊಂದಿಸಬಹುದು. ಗೋಡೆ ಕಡೆಯ ಥ್ರೆಡ್‌ಗೆ ಟೇಪ್ ಬೇಕು, ಆದರೆ ಅದು ಯಾವ ಕೋನದಲ್ಲಿ ನಿಂತರೂ ಹೆಚ್ಚುಕಡಿಮೆ ನಡೆಯುತ್ತದೆ. ಮಿಕ್ಸರ್ ಕಡೆಗೆ ತಿರುಗುವ ನಟ್ ಮತ್ತು ಚಪ್ಪಟೆ ವಾಷರ್. ನಟ್ ತಿರುಗುತ್ತದೆ, ಮಿಕ್ಸರ್ ತಿರುಗುವುದಿಲ್ಲ. ನೀರು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಕೊನೆಗೆ ಒಂದು ಫ್ಲ್ಯಾಂಜ್ (ಗೋಡೆಗೆ ಕೂರುವ ತಟ್ಟೆ) ಇಡೀ ಒರಟುತನವನ್ನು ಮುಚ್ಚುತ್ತದೆ.

ಹೀಗೆ ಮೂರು ಕೆಲಸ ಮೂರು ಭಾಗಕ್ಕೆ ಹಂಚಿಹೋಯಿತು. ಭಾಗಗಳು ಹೆಚ್ಚಾದವು, ಜೋಡಣೆ ಸುಲಭವಾಯಿತು. ಒಂಟಿ ನಲ್ಲಿಗೂ ಇದೇ ಉಪಾಯ ಸಲ್ಲುತ್ತದೆ: ಗೋಡೆಗೆ ಒಂದು ಚಿಕ್ಕ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ತುಂಡು ಪೈಪ್), ಅದರ ಮೇಲೆ ತಿರುಗುವ ನಟ್ ಇರುವ ನಲ್ಲಿ. ಖರ್ಚು ಹೆಚ್ಚು ಅಂತ ಹೆಚ್ಚಿನವರು ಮಾಡುವುದಿಲ್ಲ, ಅಷ್ಟೆ.

ಹನ್ನೊಂದು ಭಾಗಗಳ ಲೆಕ್ಕ

ಜೋಡಣೆ ಸುಲಭ ಮಾಡುವ ವಿದ್ಯೆಗೆ ಅಂಕಿಸಂಖ್ಯೆಯ ರೂಪ ಕೊಟ್ಟವರಲ್ಲಿ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಮುಖ್ಯರು. ಇಬ್ಬರಿಗೂ 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. ಅವರ ವಿಧಾನದಲ್ಲಿ ಪ್ರತಿ ಭಾಗವನ್ನೂ ಮೂರು ಪ್ರಶ್ನೆ ಕೇಳಬೇಕು. ಉಳಿದ ಭಾಗಗಳಿಗೆ ಹೋಲಿಸಿದರೆ ಇದು ಚಲಿಸುತ್ತದೆಯೇ? ಇದು ಬೇರೆ ವಸ್ತುವಿನದೇ ಆಗಿರಬೇಕೇ? ಇದು ಬೇರೆಯಾಗಿಲ್ಲದಿದ್ದರೆ ಮಿಕ್ಕವನ್ನು ಜೋಡಿಸಲು ಅಥವಾ ಬಿಚ್ಚಲು ಆಗದೇ? ಮೂರಕ್ಕೂ ‘ಇಲ್ಲ’ ಎಂದರೆ ಆ ಭಾಗ ಪಕ್ಕದ್ದರಲ್ಲಿ ಲೀನವಾಗಬಹುದು. ಉಳಿಯಲೇಬೇಕಾದ ಭಾಗಗಳನ್ನು ಎಣಿಸಿ 3 ಸೆಕೆಂಡಿನಿಂದ ಗುಣಿಸಿ, ನಿಜವಾಗಿ ಹಿಡಿಯುವ ಸಮಯದಿಂದ ಭಾಗಿಸಿದರೆ ಜೋಡಣೆಯ ದಕ್ಷತೆ ಸಿಗುತ್ತದೆ.

ಹಳೆಯ ಮಾದರಿಯ ತಿರುಪು ನಲ್ಲಿಯನ್ನು ಹೀಗೆ ಬಿಚ್ಚಿ ನೋಡೋಣ. ಬಾಡಿ, ಮೇಲಿನ ಟೊಪ್ಪಿ, ಸ್ಪಿಂಡಲ್ (ಹಿಡಿಕೆ ತಿರುಗಿಸುವ ದಂಡ), ಜಂಪರ್ (ವಾಷರ್ ಹೊತ್ತ ಪುಟ್ಟ ತುಂಡು), ರಬ್ಬರ್ ವಾಷರ್, ಆ ವಾಷರ್ ಹಿಡಿಯುವ ಪುಟ್ಟ ನಟ್, ಗ್ಲ್ಯಾಂಡ್ ದಾರ (ಸ್ಪಿಂಡಲ್ ಸುತ್ತ ನೀರು ತಡೆಯುವುದು), ಗ್ಲ್ಯಾಂಡ್ ನಟ್, ಟೊಪ್ಪಿ ಕೆಳಗಿನ ಫೈಬರ್ ವಾಷರ್, ಹಿಡಿಕೆ, ಹಿಡಿಕೆಯ ಸ್ಕ್ರೂ. ಒಟ್ಟು ಹನ್ನೊಂದು. ಬಾಡಿ ಬೇಕು. ಸ್ಪಿಂಡಲ್ ಚಲಿಸುತ್ತದೆ. ಜಂಪರ್ ಕೂಡ ಸ್ಪಿಂಡಲ್‌ನಿಂದ ಬೇರೆಯಾಗಿ ಚಲಿಸುತ್ತದೆ: ಸ್ಪಿಂಡಲ್ ಜೊತೆ ತಿರುಗದೆ ನೇರವಾಗಿ ಇಳಿಯುವುದರಿಂದಲೇ ವಾಷರ್ ಉಜ್ಜಿ ಸವೆಯುವುದಿಲ್ಲ. ವಾಷರ್ ಮತ್ತು ಗ್ಲ್ಯಾಂಡ್ ದಾರ ಬೇರೆ ವಸ್ತುವಿನವು. ಟೊಪ್ಪಿ ಬೇರೆಯಾಗಿಲ್ಲದಿದ್ದರೆ ಒಳಗೇನೂ ಹಾಕಲಾಗದು. ಇಲ್ಲಿಗೆ ಆರು. ವಾಷರ್ ನಟ್, ಗ್ಲ್ಯಾಂಡ್ ನಟ್, ಹಿಡಿಕೆಯ ಸ್ಕ್ರೂ ಎಲ್ಲ ಹಿಡಿಯುವುದಕ್ಕೆ ಮಾತ್ರ ಇರುವವು, ಪರೀಕ್ಷೆಯಲ್ಲಿ ಫೇಲ್. ಹಿಡಿಕೆಯ ವಿಷಯ ಸ್ವಲ್ಪ ಚರ್ಚೆಗೆ ಬಿಟ್ಟದ್ದು: ಸ್ಪಿಂಡಲ್ ಟೊಪ್ಪಿಯ ಕೆಳಗಿನಿಂದ ಬರುತ್ತದೆ, ಆದ್ದರಿಂದ ಹಿಡಿಕೆಯನ್ನು ಅದರ ಜೊತೆಗೇ ಎರಕ ಹೊಯ್ಯಲಾಗದು. ಅದನ್ನೂ ಫೈಬರ್ ವಾಷರನ್ನೂ ಬಿಟ್ಟು ಲೆಕ್ಕ ಹಾಕಿದರೆ 6 × 3 = 18 ಸೆಕೆಂಡ್. ಬೆಂಚಿನ ಮೇಲೆ ನಿಜವಾಗಿ 90 ಸೆಕೆಂಡ್ ಹಿಡಿದರೆ ದಕ್ಷತೆ ನೂರಕ್ಕೆ 20.

ಈಗ ಇದನ್ನು ಕಾಲು ಸುತ್ತಿನ ಸೆರಾಮಿಕ್ ನಲ್ಲಿಯ ಪಕ್ಕದಲ್ಲಿಡಿ. ಬಾಡಿ, ಕಾರ್ಟ್ರಿಜ್ (ನೀರು ಬಿಡುವ, ನಿಲ್ಲಿಸುವ ಡಬ್ಬಿ), ಹಿಡಿಕೆ, ಸ್ಕ್ರೂ, ಅದನ್ನು ಮುಚ್ಚುವ ಬಿಲ್ಲೆ. ಐದೇ ಭಾಗ, ಭಾರಿ ಗೆಲುವು ಅನ್ನಿಸುತ್ತದೆ. ಆದರೆ ಕಾರ್ಟ್ರಿಜ್ ಬಿಚ್ಚಿದರೆ ಒಳಗೆ ಹಿತ್ತಾಳೆ ಕವಚ, ಸ್ಪಿಂಡಲ್, ಅದಕ್ಕೆ ಒಂದೋ ಎರಡೋ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ), ಲಾಕ್ ಕ್ಲಿಪ್, ಘರ್ಷಣೆ ತಡೆಯುವ ವಾಷರ್, ತಿರುಗುವ ಸೆರಾಮಿಕ್ ಬಿಲ್ಲೆ, ತಿರುಗದ ಬಿಲ್ಲೆ, ಅಡಿಯಲ್ಲಿ ರಬ್ಬರ್ ಸೀಲ್. ಒಟ್ಟು ಎಣಿಸಿದರೆ ಹಳೆಯದಕ್ಕಿಂತ ಜಾಸ್ತಿಯೇ. ಹಾಗಾದರೆ ಲಾಭವೆಲ್ಲಿ? ತಲೆನೋವಿನ ಭಾಗಗಳೆಲ್ಲ ಒಂದು ಡಬ್ಬಿಯೊಳಗೆ ಹೋದವು. ಆ ಡಬ್ಬಿಯನ್ನು ಅದರದೇ ಕಾರ್ಖಾನೆಯಲ್ಲಿ, ಅದಕ್ಕೆಂದೇ ಮಾಡಿದ ಜಿಗ್ ಮೇಲೆ ಜೋಡಿಸಿ, ನಲ್ಲಿಗೆ ಸೇರುವ ಮುಂಚೆಯೇ ಒತ್ತಡ ಕೊಟ್ಟು ಪರೀಕ್ಷಿಸಬಹುದು. ಕೆಟ್ಟಾಗ ಡಬ್ಬಿಯನ್ನೇ ಬದಲಿಸಬಹುದು. ಬರೀ ಭಾಗ ಎಣಿಸಿ ಬೆನ್ನು ತಟ್ಟಿಕೊಳ್ಳುವ ಡಿಸೈನರ್‌ಗೆ ಇದು ಕಾಣುವುದಿಲ್ಲ.

ಹಿಡಿಕೆ ಏಕೆ ವಾರೆಯಾಗುತ್ತದೆ

ಕಾಲು ಸುತ್ತಿನ ಕಾರ್ಟ್ರಿಜ್‌ಗೆ ಹೊರಗೆ ಅರ್ಧ ಇಂಚಿನ ಥ್ರೆಡ್, ಮೇಲೆ ಹಲ್ಲುಗಳ ಸ್ಪಿಂಡಲ್. ಸಾಮಾನ್ಯವಾಗಿ 20 ಹಲ್ಲು. ಬಾಡಿಗೆ ತಿರುಗಿಸಿ ಬಿಗಿ ಮಾಡಿದಾಗ ಅದು ಯಾವ ಕೋನದಲ್ಲಿ ನಿಲ್ಲುತ್ತದೆ ಅನ್ನುವುದು ಥ್ರೆಡ್ ಎಲ್ಲಿಂದ ಶುರುವಾಯಿತು ಅನ್ನುವುದರ ಮೇಲೆ ಹೋಗುತ್ತದೆ, ಅಂದರೆ ಅದೃಷ್ಟದ ಮೇಲೆ. ಹಿಡಿಕೆಯನ್ನು ಒಂದೊಂದು ಹಲ್ಲು ಸರಿಸಿ ನೇರ ಮಾಡಬಹುದು, ಆದರೆ ಒಂದು ಹಲ್ಲು ಅಂದರೆ 18 ಡಿಗ್ರಿ. ಕೆಟ್ಟ ಪಕ್ಷ 9 ಡಿಗ್ರಿ ವಾರೆ ಉಳಿದೇ ಉಳಿಯುತ್ತದೆ. 60 ಮಿ.ಮೀ. ಉದ್ದದ ಹಿಡಿಕೆಯಾದರೆ ತುದಿಯಲ್ಲಿ ಅದು 9 ಮಿ.ಮೀ.ಗಿಂತ ಹೆಚ್ಚು. ಎರಡು ಹಿಡಿಕೆಯ ಮಿಕ್ಸರ್‌ನಲ್ಲಿ ಒಂದು ಈಚೆ, ಒಂದು ಆಚೆ ವಾಲಿದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಆಗ ಜೋಡಿಸುವವನು ಮಾಡುವ ಕೆಲಸ ಒಂದೇ: ಹಿಡಿಕೆ ನೇರವಾಗುವ ತನಕ ಕಾರ್ಟ್ರಿಜ್ ಅನ್ನು ಇನ್ನಷ್ಟು ಬಿಗಿ ಮಾಡುವುದು, ಇಲ್ಲವೇ ಸಡಿಲ ಬಿಡುವುದು. ಎರಡೂ ಆಮೇಲೆ ಕಾಡುತ್ತವೆ.

ಇದಕ್ಕೆ ಮೂರು ಪರಿಹಾರಗಳುಂಟು. ಅತಿ ಅಗ್ಗದ್ದು ಹಿಡಿಕೆಯನ್ನೇ ಗುಂಡಗೆ ಮಾಡುವುದು, ಗುಂಡಗಿದ್ದದ್ದು ವಾರೆಯಾಗುವುದಿಲ್ಲ. ಆದರೆ ಸೋಪಿನ ಕೈಗೆ ಜಾರುತ್ತದೆ, ಸಂಧಿವಾತ ಇರುವವರಿಗೆ ಹಿಂಸೆ. ಎರಡನೆಯದು ಕಾರ್ಟ್ರಿಜ್‌ನ ಥ್ರೆಡ್ ತೆಗೆದುಹಾಕಿ, ಒಂದು ಚಾಚು ಬಾಡಿಯ ತೋಡಿನಲ್ಲಿ ಕೂರುವಂತೆ ಮಾಡಿ, ಮೇಲಿನಿಂದ ಬೇರೆ ನಟ್ ಒತ್ತುವುದು. ಕೋನ ಚಾಚಿನಿಂದ ನಿಗದಿಯಾಯಿತು, ಬಿಗಿತ ನಟ್‌ನಿಂದ. ಮೂರನೆಯದು ನನಗೆ ಇಷ್ಟವಾದದ್ದು: ಹಿಡಿಕೆಯೊಳಗೆ ಒಂದು ಪ್ಲಾಸ್ಟಿಕ್ ಬುಷ್, ಅದರ ಒಳಗೆ 20 ಹಲ್ಲು, ಹೊರಗೆ 24. ಒಳಗೆ 18 ಡಿಗ್ರಿಯ ಹೆಜ್ಜೆ, ಹೊರಗೆ 15 ಡಿಗ್ರಿಯ ಹೆಜ್ಜೆ, ಎರಡನ್ನೂ ಕೂಡಿಸಿ ಕಳೆದರೆ 3 ಡಿಗ್ರಿಯ ಹೆಜ್ಜೆಯಲ್ಲಿ ಹೊಂದಿಸಬಹುದು. ವಾರೆ ಹೆಚ್ಚೆಂದರೆ ಒಂದೂವರೆ ಡಿಗ್ರಿ, ಕಣ್ಣಿಗೆ ಬೀಳದು. ಭಾಗ ಒಂದು ಹೆಚ್ಚಾಯಿತು ನಿಜ, ತಿಣುಕಾಟ ನಿಂತಿತು.

ಬಿಗಿತದ ಬಗ್ಗೆ ಇನ್ನೊಂದು ಮಾತು. ಕಾರ್ಟ್ರಿಜ್‌ನ ಅಡಿಯ ರಬ್ಬರ್ ಸೀಲ್ ಎಷ್ಟು ಅದುಮಿಕೊಳ್ಳಬೇಕು ಅನ್ನುವುದನ್ನು ನಿಗದಿ ಮಾಡುವುದು ಬಾಡಿಯ ಮೇಲ್ಮುಖದಿಂದ ಒಳಗಿನ ಸೀಟಿನ ತನಕದ ಆಳ. ಆಳ ಒಂದಿಷ್ಟು ಹೆಚ್ಚಾದರೆ ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುತ್ತದೆ. ಕಡಿಮೆಯಾದರೆ ಬಿಲ್ಲೆಗಳ ಮೇಲೆ ಒತ್ತಡ ಬಿದ್ದು ಹಿಡಿಕೆ ಭಾರವಾಗುತ್ತದೆ. ಈ ಆಳಕ್ಕೆ ಡ್ರಾಯಿಂಗ್‌ನಲ್ಲಿ ಗಟ್ಟಿ ಅಳತೆ ಬೇಕು, ಮಷಿನ್ ಪಕ್ಕದಲ್ಲೇ ಒಂದು ಡೆಪ್ತ್ ಗೇಜ್ ಬೇಕು. ಇಲ್ಲದಿದ್ದರೆ ಲೇತಿನ ತಪ್ಪನ್ನು ಜೋಡಿಸುವವನು ಪಾನಾದಲ್ಲಿ ಸರಿದೂಗಿಸುತ್ತಾ ಕೂರುತ್ತಾನೆ, ತಪ್ಪು ಲೇತಿನಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಲೋಹ ಲೋಹಕ್ಕೆ ತಾಗಿ ನಟ್ ತಾನೇ ನಿಲ್ಲುವಂತೆ ಒಂದು ಮೆಟ್ಟಿಲು ಕೊಟ್ಟರೆ ಇನ್ನೂ ಮೇಲು. ಆಗ ರಬ್ಬರ್ ಎಷ್ಟು ಅದುಮಬೇಕೋ ಅಷ್ಟೇ ಅದುಮುತ್ತದೆ, ಕೈಬಲ ಯಾರದಾದರೂ ಸರಿ.

ಬಿಸಿ-ತಣ್ಣೀರಿನ ಎರಡು ಹಿಡಿಕೆ ಇರುವ ಕಡೆ ಕಾರ್ಟ್ರಿಜ್ ಕೂಡ ಎರಡು ಬಗೆ: ಒಂದು ಎಡಕ್ಕೆ ಮುಚ್ಚುತ್ತದೆ, ಇನ್ನೊಂದು ಬಲಕ್ಕೆ. ಹೊರಗಿನಿಂದ ನೋಡಿದರೆ ಅವಳಿ ಜವಳಿ. ಅಡಿಯ ಸೀಲಿಗೆ ಕೆಂಪು, ನೀಲಿ ಬಣ್ಣ ಕೊಡುವುದು ರೂಢಿ, ಆದರೆ ಕಾರ್ಟ್ರಿಜ್ ಕೂತ ಮೇಲೆ ಆ ಬಣ್ಣವೇ ಕಾಣದು. ಬಣ್ಣ ಸ್ಪಿಂಡಲ್ ತಲೆಯ ಮೇಲಿರಲಿ.

ಒಂದೇ ಹಿಡಿಕೆಯ ಮಿಕ್ಸರ್‌ನಲ್ಲಿ 35 ಅಥವಾ 40 ಮಿ.ಮೀ. ಕಾರ್ಟ್ರಿಜ್ ಇರುತ್ತದೆ. ತಳದಲ್ಲಿ ಮೂರು ತೂತು: ಬಿಸಿ, ತಣ್ಣೀರು, ಬೆರೆತದ್ದು. ಜೊತೆಗೆ ಬಾಡಿಯ ಕುಳಿಗಳಲ್ಲಿ ಕೂರುವ ಎರಡು ಮೊಳೆಗಳು. ಇವು ಸರಿಯಾಗಿ ಎದುರುಬದುರಾಗಿದ್ದರೆ ಕಾರ್ಟ್ರಿಜ್ ಹಿಂದುಮುಂದಾಗಿಯೂ ಕೂರುತ್ತದೆ. ಮೊಳೆಗಳನ್ನು ಒಂದು ಬದಿಗೆ ಸರಿಸಿ, ಅಥವಾ ಒಂದನ್ನು ದಪ್ಪ ಮಾಡಿ. ತಪ್ಪಾಗಿ ಇಟ್ಟರೆ ಕೂರಲೇಬಾರದು. ಅರೆಬರೆ ವ್ಯತ್ಯಾಸ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. 5 ಮಿ.ಮೀ. ಮತ್ತು 5.3 ಮಿ.ಮೀ. ಮೊಳೆಗಳ ಫರಕು ಕಣ್ಣಿಗೂ ತಿಳಿಯದು, ಬೆರಳಿಗೂ ತಿಳಿಯದು, ಬಲ ಹಾಕಿದರೆ ಕೂತೂ ಬಿಡುತ್ತದೆ. ಮೇಲಿನ ನಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು. ಕಾರ್ಟ್ರಿಜ್ ತಯಾರಕರು ಕೊಟ್ಟ ಅಂಕಿಯೇ ಅಂತಿಮ.

ಓ-ರಿಂಗ್ ಕಣ್ಣಿಗೆ ಕಾಣದೆ ಹರಿಯುತ್ತದೆ

ಅಡುಗೆ ಮನೆಯ ಸಿಂಕ್ ನಲ್ಲಿಯ ಕತ್ತು ಎಡಬಲ ತಿರುಗಬೇಕು. ಆ ಕೀಲಿನ ಮೇಲೆ ಕೆಳಗೆ ಎರಡು ಓ-ರಿಂಗ್, ನಡುವೆ ನೀರು ಹಾಯುವ ಅಡ್ಡ ತೂತು. ಕತ್ತನ್ನು ಮೇಲಿನಿಂದ ಒತ್ತಿ ಕೂರಿಸುವಾಗ ಒಂದು ಓ-ರಿಂಗ್ ಆ ತೂತಿನ ಅಂಚನ್ನು ದಾಟಿ ಹೋಗಲೇಬೇಕು. ತೂತಿನ ಅಂಚಲ್ಲಿ ಡ್ರಿಲ್ ಬಿಟ್ಟ ಬರ್ (ಚೂಪು ಲೋಹದ ಚೂರು) ಇದ್ದರೆ ರಬ್ಬರ್‌ನಿಂದ ಚಂದ್ರನಾಕಾರದ ಸಣ್ಣ ಚೂರು ಕತ್ತರಿಸಿ ಬರುತ್ತದೆ. ಜೋಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ, ಕತ್ತು ಚೆನ್ನಾಗಿಯೇ ಕೂರುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲೂ ಪಾಸಾಗಬಹುದು, ಏಕೆಂದರೆ ಗ್ರೀಸ್ ಸ್ವಲ್ಪ ದಿನ ಆ ಗಾಯವನ್ನು ಮುಚ್ಚಿಟ್ಟಿರುತ್ತದೆ. ಮನೆಯಲ್ಲಿ ಒಂದೆರಡು ವಾರವಾದ ಮೇಲೆ ನಲ್ಲಿಯ ಬುಡದಲ್ಲಿ ನೀರಿನ ಉಂಗುರ.

ಇದನ್ನು ತಡೆಯುವುದು ಎಚ್ಚರಿಕೆಯ ಬೋರ್ಡಿನಿಂದಲ್ಲ, ಅಳತೆಯಿಂದ. ಒಳರಂಧ್ರವನ್ನು ಮೆಟ್ಟಿಲಾಗಿ ಮಾಡಬೇಕು: ಮೊದಲು ಒಳಹೋಗುವ ಓ-ರಿಂಗ್‌ಗೆ ಚಿಕ್ಕ ವ್ಯಾಸ, ಅದು ದಾಟಿ ಹೋಗುವ ಜಾಗದಲ್ಲೆಲ್ಲ ದೊಡ್ಡ ವ್ಯಾಸ. ಆಗ ಅಡ್ಡ ತೂತಿನ ಮುಂದೆ ಹಾದುಹೋಗುವಾಗ ರಿಂಗ್ ಏನಕ್ಕೂ ತಾಗುವುದೇ ಇಲ್ಲ, ತನ್ನ ಜಾಗ ಬಂದಾಗ ಮಾತ್ರ ಕಚ್ಚಿಕೊಳ್ಳುತ್ತದೆ. ಜೊತೆಗೆ ಎರಡೂ ರಿಂಗ್‌ಗಳು ಒಂದೇ ಕ್ಷಣಕ್ಕೆ ಬಿಗಿಯಾಗದಂತೆ ಎತ್ತರ ಇಟ್ಟರೆ ಕೈಗೆ ಬೇಕಾದ ಬಲವೂ ಅರ್ಧ. ಪ್ರವೇಶದಲ್ಲಿ 15ರಿಂದ 20 ಡಿಗ್ರಿಯ ಇಳಿಜಾರು ಇರಲಿ, 45 ಡಿಗ್ರಿಯದು ಚಾಕುವಿಗೆ ಸಮ. 2 ಮಿ.ಮೀ. ದಪ್ಪದ ರಿಂಗ್ ಅನ್ನು ನೂರಕ್ಕೆ 20ರಷ್ಟು ಅದುಮುವುದಾದರೆ 0.4 ಮಿ.ಮೀ. ಆಯಿತು, ಇಳಿಜಾರಿನ ಅಗಲ ಅದಕ್ಕಿಂತ ಚೆನ್ನಾಗಿಯೇ ಹೆಚ್ಚಿರಬೇಕು, ರಿಂಗ್ ಸಡಿಲವಾಗಿ ಒಳಗಿಳಿದು ಆಮೇಲೆ ಬಿಗಿಯಾಗಬೇಕು. ಅಲುಗಾಡದ ಜಾಗದಲ್ಲಿ ಅದುಮು 15ರಿಂದ 25 ಶೇಕಡ ನಡೆಯುತ್ತದೆ, ತಿರುಗುವ ಕತ್ತಿಗೆ 10ರಿಂದ 15ರೊಳಗೆ ಇಡುವುದು ಒಳ್ಳೆಯದು. ತೋಡಿನಲ್ಲಿ ಕೂರಿಸಿದಾಗ ರಿಂಗ್ ನೂರಕ್ಕೆ 5ಕ್ಕಿಂತ ಹೆಚ್ಚು ಎಳೆದುಕೊಂಡಿರಬಾರದು.

ಗ್ರೀಸ್ ಕೂಡ ಭಾಗಗಳ ಪಟ್ಟಿಯಲ್ಲಿ ಹೆಸರು ಸಮೇತ ಇರಬೇಕಾದ ವಸ್ತು. ಬಿಸಿನೀರಿನ ಕಡೆ ಹೆಚ್ಚಾಗಿ ಇಪಿಡಿಎಂ ರಬ್ಬರ್ ಬಳಸುತ್ತಾರೆ. ನೀರಿಗೆ, ಬಿಸಿಗೆ ಅದು ಗಟ್ಟಿ, ಆದರೆ ಪೆಟ್ರೋಲಿಯಂ ಜೆಲ್ಲಿ ಅಥವಾ ಬೇರಿಂಗ್ ಗ್ರೀಸ್ ಸೋಕಿದರೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಕುಡಿಯುವ ನೀರಿಗೆ ಒಗ್ಗುವಂಥದ್ದು. ರಿಪೇರಿ ಮಾಡುವವರ ಹತ್ತಿರ ಅದು ಇಲ್ಲದಿದ್ದರೆ ಸಾಬೂನು ನೀರು ಸಾಕು, ಸ್ಕೂಟರ್‌ಗೆ ಹಾಕುವುದನ್ನು ಹಚ್ಚುವುದು ಬೇಡ.

ಪ್ಲೇಟಿಂಗ್ ಬಗ್ಗೆ ಚಿಕ್ಕದಾಗಿ. ಹೊರಗಿನ ಹೊಳಪು ಕ್ರೋಮ್‌ನದು, ಆದರೆ ದಪ್ಪ ಬರುವುದು ಅದರ ಅಡಿಯ ನಿಕಲ್‌ನಿಂದ. ಥ್ರೆಡ್‌ನ ಎರಡೂ ಓರೆಗೋಡೆಗಳ ಮೇಲೆ ಪದರ ಕೂರುವುದರಿಂದ ಬಿಎಸ್‌ಪಿಯ 55 ಡಿಗ್ರಿ ಕೋನದಲ್ಲಿ ಪರಿಣಾಮ ನಾಲ್ಕು ಪಟ್ಟಿಗೂ ಹೆಚ್ಚು. 10 ಮೈಕ್ರಾನ್ ಪದರ ಕೂತರೆ ಥ್ರೆಡ್‌ನ ಪರಿಣಾಮಕಾರಿ ವ್ಯಾಸ ಸುಮಾರು 43 ಮೈಕ್ರಾನ್ ಹೆಚ್ಚುತ್ತದೆ. ಮಷಿನ್‌ನಿಂದ ಇಳಿದಾಗ ಗೇಜ್‌ನಲ್ಲಿ ಪಾಸಾದ ಥ್ರೆಡ್ ಪ್ಲೇಟಿಂಗ್ ಆದ ಮೇಲೆ ಅರ್ಧಕ್ಕೇ ಸಿಕ್ಕಿಬೀಳುವುದು ಇದಕ್ಕೇ. ಥ್ರೆಡ್ ಮುಚ್ಚಿ ಪ್ಲೇಟಿಂಗ್ ಮಾಡಬೇಕು, ಇಲ್ಲವೇ ಮೊದಲೇ ಅಷ್ಟು ಕಡಿಮೆ ಕಡೆಯಬೇಕು. ಗೇಜ್ ಹಾಕುವುದು ಪ್ಲೇಟಿಂಗ್ ಆದ ಮೇಲೆ.

35 ಮಿ.ಮೀ. ತೂತಿನೊಳಗೆ

ಬೇಸಿನ್ ಮೇಲಿನ ತೂತು ಸಾಮಾನ್ಯವಾಗಿ 35 ಮಿ.ಮೀ. ಅದರೊಳಗೆ ಎರಡು ಹೆಣೆದ ಸ್ಟೀಲ್ ಹೋಸ್‌ಗಳು ಮತ್ತು ಒಂದು ಎಂ8 ಸ್ಟಡ್ (8 ಮಿ.ಮೀ. ದಪ್ಪದ ಥ್ರೆಡ್ ಕಡ್ಡಿ) ಇಳಿಯಬೇಕು. ಹೋಸ್‌ನ ದಪ್ಪ ಸುಮಾರು 12 ಮಿ.ಮೀ. ಅದರ ತುದಿಯ ಅರ್ಧ ಇಂಚಿನ ನಟ್ ಮೂಲೆಯಿಂದ ಮೂಲೆಗೆ 27 ಮಿ.ಮೀ. ಹತ್ತಿರ. ಮೊದಲ ಹೋಸ್ ಇಳಿದ ಮೇಲೆ ಎರಡನೆಯದರ ನಟ್ ಇಳಿಯಬೇಕಾದರೆ 12 + 27 = 39 ಮಿ.ಮೀ. ಬೇಕು, ಇರುವುದು 35. ಹಾಗಾಗಿ ಹೋಸ್‌ಗಳನ್ನು ಮಿಕ್ಸರ್‌ಗೆ ಮೊದಲೇ ಬಿಗಿದು ಡಬ್ಬದಲ್ಲಿ ಕಳಿಸುವ ‘ಅನುಕೂಲ’ ಇಲ್ಲಿ ಅನಾನುಕೂಲ. ಪ್ಲಂಬರ್ ಅದನ್ನು ಬಿಚ್ಚಿಯೇ ಕೂರಿಸಬೇಕು. ಸರಿಯಾದ ಕ್ರಮವೆಂದರೆ ಹೋಸ್‌ಗಳ ಎಂ10 ತುದಿಯನ್ನು ಬೇಸಿನ್ ಕೆಳಗಿನಿಂದ ಮೇಲಕ್ಕೆ ತಂದು, ಮಿಕ್ಸರ್ ಅನ್ನು ಕೈಯಲ್ಲಿ ಹಿಡಿದು ಬೆಳಕಿನಲ್ಲೇ ಕೂರಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಇಳಿಸುವುದು.

ಆ ಎರಡು ಎಂ10 ತುದಿಗಳನ್ನು ಕೈಗೆ ತೆಗೆದುಕೊಂಡು ನೋಡಿ. ಒಂದರ ಕತ್ತು ಗಿಡ್ಡ, ಇನ್ನೊಂದರದು ಉದ್ದ. ಕಾರ್ಖಾನೆಯ ತಪ್ಪಲ್ಲ ಅದು. ಪಕ್ಕಪಕ್ಕದ ತೂತುಗಳಲ್ಲಿ ಎರಡರ ಆರುಮೂಲೆಯೂ ಒಂದೇ ಎತ್ತರದಲ್ಲಿ ಬಂದರೆ ಎರಡನೆಯದನ್ನು ತಿರುಗಿಸಲು ಪಾನಾಗೆ ಜಾಗವಿರುವುದಿಲ್ಲ. ಅದಕ್ಕೇ ಗಿಡ್ಡದನ್ನು ಮೊದಲು ಹಾಕಬೇಕು, ಉದ್ದದ್ದನ್ನು ಆಮೇಲೆ. ಇಲ್ಲಿ ನೀರು ತಡೆಯುವುದು ತುದಿಯ ಓ-ರಿಂಗ್, ಆದ್ದರಿಂದ ಕೈಬಿಗಿ ಸಾಕು, ಹೆಚ್ಚೆಂದರೆ ಪಾನಾದಲ್ಲಿ ಒಂಚೂರು. ಜೋರು ಮಾಡಿದರೆ ತೆಳ್ಳಗಿನ ಹಿತ್ತಾಳೆ ಕತ್ತು ಮುರಿದು ಒಳಗೇ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ, ಆ್ಯಂಗಲ್ ಕಾಕ್ (ಹೋಸ್‌ಗೆ ನೀರು ಬಿಡುವ ಗೋಡೆಯ ಚಿಕ್ಕ ನಲ್ಲಿ) ಕಡೆಗೆ, ನಟ್ ಒಳಗೆ ಚಪ್ಪಟೆ ವಾಷರ್ ಇದೆ. ಅಲ್ಲಿ ಟೆಫ್ಲಾನ್ ಟೇಪ್ ಬೇಡವೇ ಬೇಡ. ಟೇಪ್ ಸುತ್ತಿದರೆ ನಟ್ ಬೇಗ ಬಿಗಿಯಾದಂತೆ ಅನ್ನಿಸಿ ನಿಂತುಬಿಡುತ್ತದೆ, ವಾಷರ್ ಅದುಮಿಕೊಂಡೇ ಇರುವುದಿಲ್ಲ.

ಕೆಳಗಿನ ಬಿಗಿತಕ್ಕೆ ಕುದುರೆ ಲಾಳದ ಆಕಾರದ ತಗಡು. ಆ ಆಕಾರಕ್ಕೂ ಕಾರಣವುಂಟು: ಹೋಸ್ ಬಿಚ್ಚದೆ ಪಕ್ಕದಿಂದ ತೂರಿಸಬಹುದು. ಎಡವಟ್ಟಾಗುವುದು ಎಂ8 ನಟ್‌ನಲ್ಲಿ. ಬೇಸಿನ್ ಹಿಂಬದಿಗೂ ಗೋಡೆಗೂ ನಡುವೆ ಕೈಯೇ ಸರಿಯಾಗಿ ಹೋಗದ ಕಡೆ 13 ಮಿ.ಮೀ. ಪಾನಾ ತಿರುಗಿಸಿದರೆ ಒಂದು ಸಲಕ್ಕೆ ಮೂವತ್ತು ಡಿಗ್ರಿ ಸಿಕ್ಕರೆ ಪುಣ್ಯ. ಸ್ಟಡ್ 80 ಮಿ.ಮೀ. ಉದ್ದ, ಪಿಂಗಾಣಿ ದಪ್ಪ 20 ಅಂದುಕೊಳ್ಳಿ, 1.25 ಮಿ.ಮೀ. ಪಿಚ್‌ನಲ್ಲಿ (ಒಂದು ಸುತ್ತಿಗೆ ಅಷ್ಟು ಏರುತ್ತದೆ) ಉಳಿದ 60 ಮಿ.ಮೀ. ಏರಿಸಲು 48 ಸುತ್ತು. ಸ್ಟಡ್ ಉದ್ದ ಇಟ್ಟದ್ದು ಎಲ್ಲ ಬೇಸಿನ್‌ಗೂ ಆಗಲಿ ಅಂತ. ದಂಡ ತೆರುವವನು ಕೆಳಗೆ ಮಲಗಿರುವವನು. ಉದ್ದ ಕೊಳವೆಯಂಥ ನಟ್ ಕೊಟ್ಟರೆ ಬೆರಳಲ್ಲೇ ಜರ್ರನೆ ಏರಿಸಿ ಕೊನೆಗೆ ಬಾಕ್ಸ್ ಪಾನಾ ಹಾಕಬಹುದು. ಅದಕ್ಕಿಂತ ಮೇಲಾದದ್ದು, ಮಿಕ್ಸರ್‌ನ ಬುಡಕ್ಕೇ ದಪ್ಪ ಥ್ರೆಡ್ ಕೊಳವೆ, ಅದಕ್ಕೆ ರೆಕ್ಕೆಗಳಿರುವ ದೊಡ್ಡ ಪ್ಲಾಸ್ಟಿಕ್ ನಟ್, ನಟ್ ಮೇಲೆ ಎರಡೋ ಮೂರೋ ಸ್ಕ್ರೂ. ನಟ್ ಅನ್ನು ಕೈಯಲ್ಲೇ ಏರಿಸಿ, ಸ್ಕ್ರೂಗಳನ್ನು ಉದ್ದ ಸ್ಕ್ರೂಡ್ರೈವರ್‌ನಿಂದ ಕೆಳಗಿನಿಂದ ನೇರವಾಗಿ ಬಿಗಿ ಮಾಡಿದರೆ ಮುಗಿಯಿತು. ಪಿಂಗಾಣಿಯ ತಳ ಯಾವತ್ತೂ ಸಪಾಟಾಗಿರುವುದಿಲ್ಲ, ಒಂದೊಂದೇ ಸ್ಕ್ರೂ ಬಿಗಿ ಮಾಡುವಾಗ ಆ ಏರುತಗ್ಗೂ ಸರಿಹೋಗುತ್ತದೆ.

ಬೇಸಿನ್ ಕೆಳಗಿನ ಕಪಾಟಿನಲ್ಲಿ ಬ್ಲೀಚ್, ಟಾಯ್ಲೆಟ್ ಆ್ಯಸಿಡ್ ಇಡುವ ಅಭ್ಯಾಸ ನಮ್ಮಲ್ಲಿ ಇದೆ. ಅದರ ಹೊಗೆಯೇ ಹೋಸ್‌ನ ಸ್ಟೀಲ್ ಹೆಣಿಗೆಯನ್ನು ತಿನ್ನುತ್ತದೆ, ಒಂದು ರಾತ್ರಿ ಹೋಸ್ ಸಿಡಿಯುತ್ತದೆ. ಡಿಸೈನರ್ ಇದಕ್ಕೆ ಮಾಡಬಹುದಾದದ್ದು ಕಡಿಮೆ, ಆದರೆ ಹೋಸ್‌ಗೆ ಕಟ್ಟುವ ಚೀಟಿಯಲ್ಲಿ ಎರಡು ಸಾಲು ಬರೆಯಬಹುದು.

ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗಿನ ಡೈವರ್ಟರ್‌ನದು ಬೇರೆಯೇ ಕಥೆ. ಅಲ್ಲಿ ಅಳತೆ ತಪ್ಪುವುದು ಆಳದಲ್ಲಿ. ಬಾಡಿ ಕೂರಿಸುವವನು ಗಾರೆ ಕೆಲಸಕ್ಕೆ ಮುಂಚೆ ಬರುತ್ತಾನೆ, ಆಗ ಟೈಲ್ಸ್ ಯಾವುದು ಅಂತಲೇ ತೀರ್ಮಾನವಾಗಿರುವುದಿಲ್ಲ. ಗಾರೆ, ಅಂಟು, ಟೈಲ್ಸ್ ಎಲ್ಲ ಸೇರಿ ಬಾಡಿ ಹೆಚ್ಚು ಒಳಗೆ ಹೋದರೆ ಹಿಡಿಕೆ ಸ್ಪಿಂಡಲ್‌ಗೆ ಎಟುಕದು. ಹೊರಗುಳಿದರೆ ಫ್ಲ್ಯಾಂಜ್ ಗೋಡೆಗೆ ಕೂರದು. ಬಾಡಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ‘ಟೈಲ್ಸ್ ಮುಖ ಇಲ್ಲಿಂದ ಇಲ್ಲಿವರೆಗೆ’ ಅಂತ ಎರಡು ಗೆರೆ ಬೇಕೇಬೇಕು, ಆ ಗೆರೆಗಳ ನಡುವೆ ಕನಿಷ್ಠ 20 ಮಿ.ಮೀ. ಅವಕಾಶ ಇರಬೇಕು. ಹೆಚ್ಚು ಒಳಗೆ ಹೋದವರಿಗೆ ಎಕ್ಸ್‌ಟೆನ್ಷನ್ ಸಿಗಬೇಕು. ಗೆರೆಯನ್ನು ಕಾಗದದ ಕೈಪಿಡಿಯಲ್ಲಿ ಮಾತ್ರ ಹಾಕಿದರೆ ಅದು ಗಾರೆಯವನ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಮೂತಿಯ ತುದಿಯ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಜಾಲರಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲ್ ಮೊದಲಾದ ಕಡೆ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಏರೇಟರ್‌ನಲ್ಲಿ ಹೊರಥ್ರೆಡ್ ಇದ್ದರೆ ಎಂ24, ಒಳಥ್ರೆಡ್ ಇದ್ದರೆ ಎಂ22, ಎರಡಕ್ಕೂ ಪಿಚ್ 1 ಮಿ.ಮೀ. ಏರೇಟರ್‌ಗೆ ಹೊರಥ್ರೆಡ್ ಇದ್ದರೆ ನಲ್ಲಿಗೆ ಒಳಥ್ರೆಡ್ ಇರಬೇಕು, ಇದರಲ್ಲೇ ಅಂಗಡಿಗೆ ಎರಡು ಸಲ ಓಡಾಡಿದವರಿದ್ದಾರೆ. ಬರೀ ಬಾಯಿ ಇರುವ ಬಿಬ್ ಕಾಕ್‌ಗೆ (ಸಾದಾ ಗೋಡೆ ನಲ್ಲಿಗೆ) ಯಾವುದೂ ಕೂರುವುದಿಲ್ಲ. ಮುಂದೆ ಬೇಕಾಗಬಹುದು ಅಂತ ಮೂತಿಗೆ ಒಂದು ಥ್ರೆಡ್ ಕಡೆದಿಟ್ಟರೆ ಲೇತಿನಲ್ಲಿ ಹೋಗುವುದು ಕೆಲವೇ ಸೆಕೆಂಡ್. ಸಣ್ಣ ಪಿಚ್‌ನ ಪ್ಲಾಸ್ಟಿಕ್ ಥ್ರೆಡ್ ಹಿತ್ತಾಳೆಗೆ ವಾರೆಯಾಗಿ ಕಚ್ಚಿಕೊಳ್ಳುವುದು ಸಾಮಾನ್ಯ. ಮೊದಲ ಒಂದು ಸುತ್ತಿನ ಜಾಗವನ್ನು ಥ್ರೆಡ್ ಇಲ್ಲದೆ ನುಣ್ಣಗೆ ಬಿಟ್ಟರೆ ಏರೇಟರ್ ಮೊದಲು ನೇರವಾಗಿ ಕೂರುತ್ತದೆ, ಆಮೇಲೆ ಥ್ರೆಡ್ ಹಿಡಿಯುತ್ತದೆ.

ಮಹಡಿಯ ಟ್ಯಾಂಕಿನಿಂದ ಮೂರು ಮೀಟರ್ ಕೆಳಗಿನ ನಲ್ಲಿಗೆ ಸಿಗುವ ಒತ್ತಡ 0.3 ಬಾರ್ ಅಷ್ಟೆ. ಬೋರ್‌ವೆಲ್ ನೀರಿನ ಸುಣ್ಣ ಜಾಲರಿಗೆ ಕಟ್ಟಿಕೊಂಡ ಕೂಡಲೇ ಧಾರೆ ನೂಲಿನಷ್ಟಾಗುತ್ತದೆ. ವಿಶೇಷ ಕೀಲಿ ಇಲ್ಲದೆ ಬಿಚ್ಚಲಾಗದ, ಮೂತಿಯೊಳಗೆ ಅಡಗಿದ ಏರೇಟರ್ ನೋಡಲು ಚಂದ, ಆದರೆ ಆ ಪ್ಲಾಸ್ಟಿಕ್ ಕೀಲಿ ಗೃಹಪ್ರವೇಶದ ದಿನವೇ ಕಸಕ್ಕೆ ಹೋಗಿರುತ್ತದೆ. ಆಗ ಇಕ್ಕಳ ಬರುತ್ತದೆ, ಜಾಲರಿ ಹೋಗುತ್ತದೆ, ಖಾಲಿ ಮೂತಿ ಉಳಿಯುತ್ತದೆ. ನಾಣ್ಯ ತೂರಿಸಿ ತಿರುಗಿಸುವಂತೆ ಒಂದು ಸೀಳು ಕೊಟ್ಟರೆ ಮನೆಯವರೇ ತೆಗೆದು, ನಿಂಬೆಹುಳಿಯಲ್ಲಿ ಅರ್ಧ ಗಂಟೆ ನೆನೆಸಿ, ವಾಪಸ್ ಹಾಕುತ್ತಾರೆ.

ಹೊಸ ಡಿಸೈನ್ ಸರಿಯಿದೆಯೇ ಅಂತ ನೋಡಲು ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ಬೇಸಿನ್ ಅನ್ನು ಗೋಡೆಯಿಂದ ಸರಿಯಾದ ದೂರದಲ್ಲಿ ಕಟ್ಟಿ, ನಲ್ಲಿಯನ್ನು ಅದರ ಡಬ್ಬದ ಸಮೇತ ಪ್ಲಂಬರ್ ಒಬ್ಬನ ಕೈಗೆ ಕೊಡಿ. ಅವನ ಚೀಲದಲ್ಲಿರುವ ಸಾಮಾನು ಮಾತ್ರ: ಹತ್ತಿಂಚಿನ ಸ್ಕ್ರೂ ಪಾನಾ, ಪೈಪ್ ರೆಂಚ್, ಸ್ಕ್ರೂಡ್ರೈವರ್, ಟೇಪ್. ಏನೂ ಹೇಳಿಕೊಡಬೇಡಿ. ಯಾವ ಭಾಗವನ್ನು ಅವನು ಎರಡು ಸಲ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾನೆ, ಎಲ್ಲಿ ಪಾನಾ ಬಿಟ್ಟು ಉಸಿರು ಬಿಡುತ್ತಾನೆ, ಕೊನೆಗೆ ನೆಲದ ಮೇಲೆ ಏನು ಉಳಿಯಿತು, ಇಷ್ಟು ಬರೆದುಕೊಳ್ಳಿ. ಇನ್ನೊಬ್ಬನ ಕೈಗೆ ಕೊಡುವಾಗ ದೀಪ ಆರಿಸಿ.

ಹಿಡಿಕೆಯ ಎಂ5 ಗ್ರಬ್ ಸ್ಕ್ರೂಗೆ ಬೇಕಾದ 2.5 ಮಿ.ಮೀ. ಅಲನ್ ಕೀ ಆ ಚೀಲದಲ್ಲಿ ಇರುವುದಿಲ್ಲ. ಡಬ್ಬದಲ್ಲಿ ಕೊಟ್ಟರೂ ಎಂಟು ವರ್ಷದ ಮೇಲೆ ಅದು ಯಾರ ಹತ್ತಿರವೂ ಉಳಿದಿರುವುದಿಲ್ಲ. ಸೀಳು ತಲೆಯ ಸ್ಕ್ರೂ ಹಾಕಿದರೆ ಯಾವ ಅಡುಗೆ ಮನೆಯಲ್ಲಾದರೂ ಬಿಚ್ಚಬಹುದು. ಮತ್ತು ಹಿಡಿಕೆ ಎತ್ತಿದ ಕೂಡಲೇ ಕಾಣುವ ಜಾಗದಲ್ಲಿ, ಲೋಹದ ಮೇಲೇ, ಕಾರ್ಟ್ರಿಜ್‌ನ ಅಳತೆ ಮತ್ತು ನಂಬರ್ ಕೊರೆದಿರಲಿ. 35 ಮಿ.ಮೀ. ಅಂತ ಹೇಳಿಕೊಳ್ಳುವ ಕಾರ್ಟ್ರಿಜ್‌ಗಳಲ್ಲೇ ಎತ್ತರ, ಮೊಳೆಯ ಜಾಗ, ಸೀಲಿನ ಆಕಾರ ಒಂದೊಂದು ಕಂಪನಿಯದು ಒಂದೊಂದು ಥರ ಇರುತ್ತದೆ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರೆ, ಗಾಜಿನ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಸದ್ಯಕ್ಕೆ ಇರುವ ದಾರಿ.